ಹೊಸ ಬಡಾವಣೆಯ ಮನೆ: ಒಂದು ಔಚಿತ್ಯ ವಿಚಾರ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಮನೆ ಕಟ್ಟುವ ಸಂಗತಿಗೆ ಏನು ಕೆಲಸವೆಂದು ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಕಾವ್ಯ, ಕಾದಂಬರಿ, ನಾಟಕಗಳ ಗುಣದೋಷಗಳನ್ನು ಗಂಟೆಗಟ್ಟಲೆ ಚರ್ಚಿಸುವ ನಾವು, ಕಣ್ಣೆದುರಿನಲ್ಲಿಯೇ ಸಾವಿರಗಟ್ಟಲೆ ಏಳುತ್ತಿರುವ ಮನೆಗಳನ್ನು ಕುರಿತು ಆಡುವುದು ಎರಡೇ ಮಾತು: ಬೆಲೆ ಎಷ್ಟು, ಸಾಲ ಎಷ್ಟು. ಆದರೆ ಮನೆಯೂ ಒಂದು ರಚನೆಯೇ. ಯಾರೋ ಒಬ್ಬರು ಅದನ್ನು ಮೊದಲು ಕಾಗದದ ಮೇಲೆ ಬರೆಯುತ್ತಾರೆ. ಬರೆಯುವಾಗ ಒಳಗಿರುವವರು ಯಾರು, ಅವರು ಏನು ಮಾಡುತ್ತಾರೆ, ಹೇಗೆ ಬದುಕುತ್ತಾರೆ ಎಂಬುದನ್ನು ಊಹಿಸಿಕೊಂಡಿರುತ್ತಾರೆ. ಮೆಚ್ಚದ ಪುಸ್ತಕವನ್ನು ಮುಚ್ಚಿ ಕಪಾಟಿನಲ್ಲಿ ಇಡಬಹುದು. ಮೆಚ್ಚದ ಮನೆಯನ್ನಾದರೋ ಇಪ್ಪತ್ತು ವರ್ಷದ ಸಾಲ ತೀರುವವರೆಗೂ, ಆ ಮೇಲೆಯೂ, ದಿನದಿನವೂ ಓದುತ್ತಲೇ ಇರಬೇಕಾಗುತ್ತದೆ. ಆದುದರಿಂದ ಮನೆಗೂ ವಿಮರ್ಶೆ ಬೇಕು.

ಯಾವ ಒರೆಗಲ್ಲಿಗೆ ತಿಕ್ಕಿ ನೋಡಬೇಕು ಎಂಬುದು ಮೊದಲ ಪ್ರಶ್ನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರನು ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ವಾದಿಸಿದನು. ಅಲಂಕಾರವೆಷ್ಟಿದ್ದರೂ ಅದು ಇರಬೇಕಾದ ಸ್ಥಳದಲ್ಲಿ ಇಲ್ಲವಾದರೆ ನಗೆಗೆ ಈಡಾಗುತ್ತದೆ ಎಂಬುದು ಅವನ ತಾತ್ಪರ್ಯ. ಮನೆಯ ವಿಷಯದಲ್ಲಿಯೂ ಇದೇ ಅಳತೆಗೋಲು ಸಾಕೆಂದು ನನ್ನ ಎಣಿಕೆ. ಮನೆ ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಮುಂಚೆ ಅದು ಒಳಗಿರುವ ಜನಕ್ಕೆ, ಅವರ ಕಾಯಕಕ್ಕೆ, ಆ ಊರಿನ ನೆಲಕ್ಕೆ ಹಾಗೂ ಹವೆಗೆ ಉಚಿತವಾಗಿದೆಯೇ ಎಂದು ಕೇಳಬೇಕು. ಈ ನಾಲ್ಕು ಪ್ರಶ್ನೆಗಳನ್ನು ಹಿಡಿದುಕೊಂಡು ನಮ್ಮ ಸೊಲ್ಲಾಪುರದ ಹೊರವಲಯದ ಹೊಸ ಮನೆಗಳನ್ನು ನೋಡುವುದು ಈ ಲೇಖನದ ಉದ್ದೇಶ.

ಸೊಲ್ಲಾಪುರದ ಅಂಚಿನಲ್ಲಿ ಈಗ ಎರಡು ಬಗೆಯ ಬಡಾವಣೆಗಳು ಬೆಳೆಯುತ್ತಿವೆ. ಒಂದು, ಸರಕಾರದ ನೆರವಿನಿಂದ ದುಡಿಯುವ ಜನರಿಗಾಗಿ ಕಟ್ಟಿದವು. ಇನ್ನೊಂದು, ವಿಜಾಪುರ ರಸ್ತೆ, ಹೊಟಗಿ ರಸ್ತೆ, ಜುಳೇ ಸೊಲ್ಲಾಪುರಗಳ ಕಡೆ ಖಾಸಗಿಯವರು ನೌಕರರಿಗೆ, ವ್ಯಾಪಾರಿಗಳಿಗೆ ಕಟ್ಟಿ ಮಾರುತ್ತಿರುವ ಸಾಲುಮನೆಗಳು. ಮೊದಲನೆಯದರಲ್ಲಿ ಅಕ್ಕಲಕೋಟ ರಸ್ತೆಯ ಕುಂಭಾರಿಯ ಹೆಸರು ದೇಶಕ್ಕೇ ಗೊತ್ತು. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ ಅಲ್ಲಿ ಎದ್ದ ಹತ್ತು ಸಾವಿರ ಮನೆಗಳನ್ನು 2006ರಲ್ಲಿ ಆಗಿನ ಪ್ರಧಾನಿ ಮನಮೋಹನ ಸಿಂಗರು ಹಸ್ತಾಂತರಿಸಿದರು. ಆ ವಸಾಹತಿಗೆ ಗೋದೂತಾಯಿ ಪರುಳೇಕರರ ಹೆಸರಿದೆ. ವಾರಲೀ ಆದಿವಾಸಿಗಳ ಹೋರಾಟವನ್ನು ಕುರಿತು ಅವರು ಬರೆದ ‘ಜೇವ್ಹಾ ಮಾಣೂಸ ಜಾಗಾ ಹೋತೋ’ ಎಂಬ ಮರಾಠಿ ಕೃತಿಗೆ 1972ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಲೇಖಕಿಯೊಬ್ಬರ ಹೆಸರನ್ನು ಹೊತ್ತ ಇಷ್ಟು ದೊಡ್ಡ ವಸಾಹತು ನೆರೆಹೊರೆಯಲ್ಲಿರುವುದು ಸಾಹಿತ್ಯಾಸಕ್ತರಾದ ನಮಗೆ ಸಂತೋಷದ ಸಂಗತಿ. ಆನಂತರ ಅದೇ ಕುಂಭಾರಿಯಲ್ಲಿ ಪ್ರಧಾನಮಂತ್ರಿ ಆವಾಸ ಯೋಜನೆಯಡಿ ಮೂವತ್ತು ಸಾವಿರ ಮನೆಗಳ ರೇನಗರವು ರೂಪುಗೊಂಡಿತು. ಅದರಲ್ಲಿ 15,000 ಮನೆಗಳನ್ನು 2024ರ ಜನವರಿ 19ರಂದು ಪ್ರಧಾನಿ ನರೇಂದ್ರ ಮೋದಿಯವರು ಫಲಾನುಭವಿಗಳಿಗೆ ಒಪ್ಪಿಸಿದರು. ಕೈಮಗ್ಗ ಹಾಗೂ ವಿದ್ಯುತ್ ಮಗ್ಗದ ಕೆಲಸಗಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ವಾಹನ ಚಾಲಕರು, ಬೀದಿ ವ್ಯಾಪಾರಿಗಳು ಇಲ್ಲಿಯ ನಿವಾಸಿಗಳು. ಒಂದೊಂದು ಮನೆಯ ವಿಸ್ತೀರ್ಣ ಸುಮಾರು ಮುನ್ನೂರು ಚದರ ಅಡಿ.

ಈ ಕಾರ್ಯದ ಹಿರಿಮೆಯನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗುವುದು ನ್ಯಾಯ. ತಗಡಿನ ಗುಡಿಸಿಲಿನಲ್ಲಿ, ಮಳೆಗಾಲದಲ್ಲಿ ಮೊಣಕಾಲಮಟ ನೀರಿನಲ್ಲಿ ಬಾಳಿದ ಹೆಣ್ಣುಮಗಳೊಬ್ಬಳಿಗೆ ಬೀಗ ಹಾಕಬಹುದಾದ ಬಾಗಿಲು, ಒಳಗೇ ಶೌಚಾಲಯ, ತನ್ನ ಹೆಸರಿನ ಕಾಗದಪತ್ರ ಇವು ಸಿಗುವುದು ಸಣ್ಣ ಮಾತಲ್ಲ. ಹೊಟ್ಟೆ ತುಂಬಿದವರು ಕುಳಿತು ಮುನ್ನೂರು ಚದರ ಅಡಿಯನ್ನು ಹಳಿಯುವುದು ಸುಲಭ. ಹಾಗೆ ಹಳಿಯುವುದು ನನ್ನ ಉದ್ದೇಶವಲ್ಲ. ಬಡವರಿಗೆ ಸಿಕ್ಕ ಮನೆಯನ್ನು ವಿಮರ್ಶಿಸಲೇಬಾರದು, ಸಿಕ್ಕಿದ್ದೇ ಹೆಚ್ಚು ಎಂಬ ಧೋರಣೆಯೂ ಅವರಿಗೆ ಗೌರವ ತರುವಂಥದಲ್ಲ. ಉಳ್ಳವನ ಮನೆಯ ನಕ್ಷೆಯನ್ನು ಹತ್ತು ಸಲ ತಿದ್ದಲಾಗುತ್ತದೆ. ಇಲ್ಲದವನ ಮನೆಯ ನಕ್ಷೆಯನ್ನು ಒಂದು ಸಲ ಬರೆದು ಸಾವಿರ ಸಲ ಅಚ್ಚು ಹಾಕಲಾಗುತ್ತದೆ. ತಪ್ಪೂ ಸಾವಿರ ಸಲ ಅಚ್ಚಾಗುತ್ತದೆ. ಆದುದರಿಂದ ಎರಡನೆಯದಕ್ಕೇ ವಿಮರ್ಶೆ ಹೆಚ್ಚು ಬೇಕು.

ಈಗ ಅಳತೆಯ ಲೆಕ್ಕಕ್ಕೆ ಬರೋಣ. 2015ರಲ್ಲಿ ಪ್ರಾರಂಭವಾದ ನಗರ ಆವಾಸ ಯೋಜನೆಯು ಆರ್ಥಿಕವಾಗಿ ದುರ್ಬಲರಾದವರ ಮನೆಗೆ 30 ಚದರ ಮೀಟರ್‌ವರೆಗಿನ ಕಾರ್ಪೆಟ್ ವಿಸ್ತೀರ್ಣವನ್ನು ಗೊತ್ತುಪಡಿಸಿತು. ಎಂದರೆ ಸುಮಾರು 323 ಚದರ ಅಡಿ. ಕಾರ್ಪೆಟ್ ವಿಸ್ತೀರ್ಣವೆಂದರೆ ಏನೆಂಬುದನ್ನು 2016ರ ರೇರಾ ಕಾಯಿದೆ ಸ್ಪಷ್ಟಪಡಿಸಿದೆ. ಹೊರಗೋಡೆ, ಬಾಲ್ಕನಿ, ತೆರೆದ ಮಾಳಿಗೆಗಳು ಅದರಲ್ಲಿ ಸೇರುವುದಿಲ್ಲ; ಒಳಗಿನ ಅಡ್ಡಗೋಡೆಗಳು ಸೇರುತ್ತವೆ. ಇನ್ನು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ತೆರೆದರೆ, ಎರಡು ಕೋಣೆಗಳ ಮನೆಯಲ್ಲಿ ಒಂದು ಕೋಣೆ ಕನಿಷ್ಠ 9.5 ಚದರ ಮೀಟರ್, ಇನ್ನೊಂದು 7.5, ಅಡಿಗೆಮನೆ 5, ಸ್ನಾನದ ಮನೆ 1.8, ಶೌಚಾಲಯ 1.1 ಇರಬೇಕೆಂದು ಸಾಮಾನ್ಯ ನಿಯಮವಿದೆ. ಕಡಿಮೆ ವರಮಾನದವರ ಮನೆಗಳಿಗೆ ಕೆಲವು ಸಡಿಲಿಕೆಗಳೂ ಉಂಟು. ಕನಿಷ್ಠಗಳನ್ನು ಕೂಡಿಸಿದರೆ 24.9 ಆಗುತ್ತದೆ. ಮೂವತ್ತರಲ್ಲಿ ಇದನ್ನು ಕಳೆದರೆ ಉಳಿಯುವುದು 5.1 ಚದರ ಮೀಟರ್, ಸುಮಾರು 55 ಚದರ ಅಡಿ. ಮೂರು ಮಂಚಗಳನ್ನು ಒತ್ತಿ ಹಾಕಿದರೆ ಮುಗಿದುಹೋಗುವಷ್ಟು ಜಾಗ. ಒಳಗೋಡೆಗಳ ದಪ್ಪ, ಬಾಗಿಲು ತೆರೆಯುವ ಜಾಗ, ಓಡಾಡುವ ದಾರಿ ಎಲ್ಲವೂ ಇದರೊಳಗೇ ಆಗಬೇಕು.

ಈ ಲೆಕ್ಕದಲ್ಲಿ ಮಲಗುವುದಕ್ಕೆ, ಬೇಯಿಸುವುದಕ್ಕೆ, ಮೀಯುವುದಕ್ಕೆ ಸ್ಥಳ ಸಿಕ್ಕಿತು. ದುಡಿಯುವುದಕ್ಕೆ ಸಿಗಲಿಲ್ಲ. ನನ್ನ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಸೊಲ್ಲಾಪುರದ ಬಡವರ ಮನೆ ಬರಿಯ ವಾಸಸ್ಥಾನವಾಗಿ ಎಂದೂ ಇರಲಿಲ್ಲ. ಅದು ಅವರ ಕಾರ್ಖಾನೆಯೂ ಹೌದು. ಬೀಡಿಯ ಎಲೆಯನ್ನು ಶಾಖೆಯಿಂದ ತಂದು ನೆನೆಯಿಡಬೇಕು, ತಗಡಿನ ಅಳತೆ ಇಟ್ಟು ಕತ್ತರಿಸಬೇಕು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ತಂಬಾಕು ತುಂಬಿ ಸುತ್ತಬೇಕು, ದಾರ ಕಟ್ಟಬೇಕು. ಸಾವಿರ ಬೀಡಿಗೆ ಇಷ್ಟೆಂದು ಕೂಲಿ. ಈ ಕೆಲಸಕ್ಕೆ ಬೇಕಾದದ್ದು ಒಳ್ಳೆಯ ಬೆಳಕು, ಕಾಲು ಚಾಚಿ ಕೂರುವಷ್ಟು ನೆಲ, ತಂಬಾಕಿನ ಧೂಳು ಹೊರಗೆ ಹೋಗುವಂತೆ ಗಾಳಿ, ಮಕ್ಕಳ ತಟ್ಟೆಯಿಂದ ತಂಬಾಕನ್ನು ದೂರವಿಡಲು ಒಂದು ಮೂಲೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮಾಲೀಕರಿಂದಲೋ ಗುತ್ತಿಗೆದಾರರಿಂದಲೋ ಕಚ್ಚಾ ಸಾಮಾನು ತಂದು ಮನೆಯಲ್ಲಿಯೇ ಬೀಡಿ ಮಾಡುವವರನ್ನೂ ಉದ್ಯೋಗಿಗಳೆಂದೇ ಎಣಿಸಿತು. ಮನೆಯಲ್ಲಿ ದುಡಿಮೆ ನಡೆಯುತ್ತದೆಂದು ಕಾನೂನಿಗೆ ಗೊತ್ತು. ಮನೆಯ ಅಳತೆಯನ್ನು ಗೊತ್ತುಮಾಡುವ ನಿಯಮಕ್ಕೆ ಮಾತ್ರ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಮಲಗುವ ಕೋಣೆಯೇ ಹಗಲು ಬೀಡಿಯ ಕೋಣೆ. ಹಸುಳೆ ಮಲಗುವ ನೆಲದ ಮೇಲೆಯೇ ತಂಬಾಕಿನ ಪುಡಿ ಉದುರುತ್ತದೆ.

ಅಡಿಗೆಮನೆಯೂ ಹೀಗೆಯೇ. ಸಂಹಿತೆಯ ಕನಿಷ್ಠ ಅಗಲ 1.8 ಮೀಟರ್, ಎಂದರೆ ಆರು ಅಡಿಗೆ ತುಸು ಕಡಿಮೆ. ಅದರಲ್ಲಿ ಎರಡು ಅಡಿಯ ಕಲ್ಲುಕಟ್ಟೆ ಹೋದರೆ ಉಳಿದದ್ದು ನಾಲ್ಕು ಅಡಿಯೂ ಇಲ್ಲ. ನಿಂತು ಅಡಿಗೆ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆಯಿದು. ನಮ್ಮ ಕಡೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ಬಡಿಯುವುದು ನೆಲದ ಮೇಲೆ ಕುಳಿತು. ಎದುರಿಗೆ ಕೊಣಮಿಗೆ, ಪಕ್ಕಕ್ಕೆ ಒಲೆ, ಆಚೆ ರೊಟ್ಟಿಯ ಬುಟ್ಟಿ. ಐದಾರು ಜನರ ಸಂಸಾರಕ್ಕೆ ಎರಡು ಹೊತ್ತಿನ ರೊಟ್ಟಿಯೆಂದರೆ ಕಡಿಮೆ ಕೆಲಸವಲ್ಲ. ನೀರಿನ ಮಾತು ಇನ್ನೊಂದು. ಸೊಲ್ಲಾಪುರದಲ್ಲಿ ನಲ್ಲಿಗೆ ನೀರು ಬರುವುದು ಕೆಲವು ದಿನಗಳಿಗೊಮ್ಮೆ ಎಂಬುದು ಇಲ್ಲಿಯ ಶಿಶುವಿಗೂ ತಿಳಿದ ವಿಷಯ. ಪೀಪಾಯಿಯಿಲ್ಲದ ಮನೆ ಈ ಊರಲ್ಲಿಲ್ಲ. ಆದರೂ ಪೀಪಾಯಿ ಇಡುವ ಜಾಗವನ್ನು ತೋರಿಸಿದ ನಕ್ಷೆಯನ್ನು ನಾನು ಈವರೆಗೆ ನೋಡಿಲ್ಲ. ಅದು ಕೊನೆಗೆ ಬಂದು ನಿಲ್ಲುವುದು ಬಚ್ಚಲಿನ ಬಾಗಿಲಲ್ಲಿ.

ಇನ್ನು ನೆಲ ಮತ್ತು ಹವೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎರೆಯನ್ನು ತೆಗೆದು ಗಟ್ಟಿ ಗರಸು ಸಿಗುವವರೆಗೆ ಪಾಯ ತೋಡದೆ ಗೋಡೆ ಎಬ್ಬಿಸಿದರೆ, ಎರಡು ಮೂರು ಮಳೆಗಾಲಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುವುದು ಖಂಡಿತ. ಬಣ್ಣದಿಂದ ಅದನ್ನು ಮುಚ್ಚಬಹುದು, ವಾಸಿ ಮಾಡಲಾಗದು. ಪಾಯ ಕಣ್ಣಿಗೆ ಕಾಣುವ ವಸ್ತುವಲ್ಲವಾದ್ದರಿಂದ ಮಾರುವ ಮನೆಗಳಲ್ಲಿ ಉಳಿತಾಯಕ್ಕೆ ಮೊದಲು ಬಲಿಯಾಗುವುದು ಅದೇ. ಹವೆಯಾದರೋ, ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವಂಥದು. ನಾಲ್ಕೈದು ಅಂಗುಲದ ಕಾಂಕ್ರೀಟು ಚಾವಣಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನು ಒಳಗೆ ಉಗುಳುತ್ತದೆ. ಎರಡು ಪಕ್ಕದಲ್ಲೂ ನೆರೆಮನೆಯ ಗೋಡೆ ತಾಗಿದ್ದು, ಕಿಟಕಿಗಳೆಲ್ಲ ಒಂದೇ ಮಗ್ಗುಲಿಗೆ ಇದ್ದರೆ ಗಾಳಿ ಒಳಗೆ ಬರುವುದೇ ಇಲ್ಲ. ಹೊರಗೆ ಹೋಗಲು ದಾರಿಯಿಲ್ಲದ ಗಾಳಿಗೆ ಒಳಗೆ ಬರಲೂ ದಾರಿಯಿಲ್ಲ. ಆಗ ಪಂಖ ಬಿಸಿಗಾಳಿಯನ್ನೇ ತಿರುವಿಹಾಕುತ್ತದೆ.

ಇಷ್ಟು ಹೇಳಿದೊಡನೆ, ಹಾಗಾದರೆ ಹಳೆಯ ಮಾಳಿಗೆಮನೆಯೇ ಒಳ್ಳೆಯದಿತ್ತೆಂದು ಹಿರಿಯರು ತಲೆದೂಗುವುದುಂಟು. ಎರಡಡಿಗೂ ಮಿಗಿಲಾದ ಕಲ್ಲು ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಬಿಳಿಮಣ್ಣಿನ ಹಾಸು, ನಡುವೆ ಬೆಳಕಿಂಡಿ. ಬೇಸಿಗೆಯ ನಡುಹಗಲಿನಲ್ಲೂ ಒಳಗೆ ತಂಪು. ನಿಜ. ಆದರೆ ಆ ಮನೆಯ ಅಡಿಗೆಯ ಮೂಲೆಯಲ್ಲಿ ಹೊಗೆಯಿತ್ತು, ಒಳಕೋಣೆಯಲ್ಲಿ ಹಗಲೂ ಕತ್ತಲೆಯಿತ್ತು, ಶೌಚಕ್ಕೆ ಹೆಣ್ಣುಮಕ್ಕಳು ಮಬ್ಬುಗತ್ತಲನ್ನು ಕಾಯಬೇಕಿತ್ತು. ಎಲ್ಲಕ್ಕಿಂತ ಮಿಗಿಲಾಗಿ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಕಿಲ್ಲಾರಿಯ ಸೀಮೆಯಲ್ಲಿ ಭೂಮಿ ನಡುಗಿದಾಗ, ಮಲಗಿದ್ದ ಸಾವಿರಾರು ಜನರ ಮೇಲೆ ಬಿದ್ದದ್ದು ಇದೇ ದಪ್ಪ ಗೋಡೆಗಳು, ಇದೇ ಮಣ್ಣಿನ ಭಾರ. ಆ ರಾತ್ರಿಯನ್ನು ನೆನೆದವರು ಹಳೆಯ ಮನೆಯನ್ನು ಕಣ್ಣುಮುಚ್ಚಿ ಹೊಗಳಲಾರರು. ಆದುದರಿಂದ ಹಿಂದಕ್ಕೆ ಹೋಗಬೇಕೆಂಬುದು ನನ್ನ ವಾದವಲ್ಲ.

ಕಿಲ್ಲಾರಿಯ ಅನಂತರ ನಡೆದದ್ದು ನಮ್ಮ ಈಗಿನ ವಿಚಾರಕ್ಕೆ ಒಳ್ಳೆಯ ಪಾಠ. ಪೂರ್ತಿ ಹಾಳಾದ ಐವತ್ತೆರಡು ಹಳ್ಳಿಗಳನ್ನು ಬೇರೆಡೆ ಹೊಸದಾಗಿ ಕಟ್ಟಲಾಯಿತು. ಮನೆಯ ಅಳತೆಯನ್ನು ಗೊತ್ತುಮಾಡಿದ್ದು ಹಿಡುವಳಿಯ ಆಧಾರದ ಮೇಲೆ: ಭೂಮಿಯಿಲ್ಲದವರಿಗೆ ಹಾಗೂ ತೀರ ಕಡಿಮೆ ಭೂಮಿಯುಳ್ಳವರಿಗೆ 250 ಚದರ ಅಡಿ, ಏಳು ಹೆಕ್ಟೇರಿನವರೆಗೆ ಇದ್ದವರಿಗೆ 400, ಅದಕ್ಕೂ ಹೆಚ್ಚಿದ್ದವರಿಗೆ 750. ಮನೆಯಲ್ಲಿ ಎಷ್ಟು ಜನ ಎಂಬುದು ಲೆಕ್ಕಕ್ಕೆ ಬರಲಿಲ್ಲ. ಹೊಲ ಎಷ್ಟು ಎಂಬುದು ಬಂದಿತು. ಏಳು ಮಕ್ಕಳ ಕೂಲಿಕಾರನಿಗೆ 250, ಇಬ್ಬರೇ ಇದ್ದ ಗೌಡರ ಮನೆಗೆ 750. ಓಣಿ, ಗಲ್ಲಿ, ಗುಡಿಯ ಮುಂದಿನ ಬಯಲುಗಳಿಂದ ಕೂಡಿದ್ದ ಊರುಗಳು ನೇರ ಗೆರೆಗಳ ಚೌಕಗಳಾದವು. ಭದ್ರತೆ ಬಂದಿತು, ಅದು ದೊಡ್ಡ ಲಾಭ. ಆದರೆ ಬಂದ ಜನ ಮೊದಲು ಮಾಡಿದ ಕೆಲಸವೆಂದರೆ ಮನೆಯ ಮುಂದೆ ಹಿಂದೆ ತಗಡು ಇಳಿಬಿಟ್ಟು, ನಕ್ಷೆ ಮರೆತಿದ್ದ ಜಾಗವನ್ನು ತಾವೇ ಕಟ್ಟಿಕೊಂಡದ್ದು. ಓದುಗನು ಪುಸ್ತಕದ ಅಂಚಿನಲ್ಲಿ ಬರೆಯುವ ಟಿಪ್ಪಣಿಯಂತೆ, ಆ ತಗಡುಗಳೇ ಆ ಮನೆಗಳ ಮೇಲೆ ಬಂದ ಮೊದಲ ವಿಮರ್ಶೆ.

ಎರಡನೆಯ ಬಗೆಯ ಬಡಾವಣೆಗಳತ್ತ, ಎಂದರೆ ಖಾಸಗಿ ಸಾಲುಮನೆಗಳತ್ತ ತಿರುಗಿದರೆ, ಅಲ್ಲಿ ಹಣವಿದೆ, ಆದರೂ ಔಚಿತ್ಯದ ಕೊರತೆ ನೀಗಿಲ್ಲ. ಎನ್.ಎ. ಆದ ಹೊಲವನ್ನು ಗುಂಠೆಗಳಾಗಿ ಕತ್ತರಿಸುತ್ತಾರೆ. ಒಂದು ಗುಂಠೆ ಎಂದರೆ 1,089 ಚದರ ಅಡಿ. ಅದನ್ನೂ ಇಬ್ಭಾಗ ಮಾಡಿ ಎರಡು ಮನೆ. ನಿವೇಶನದ ಅಂಚಿನಿಂದ ಅಂಚಿಗೆ ಗೋಡೆ. ಮುಂದುಗಡೆ ಬಿಟ್ಟ ಹತ್ತು ಅಡಿ ಕಾರಿಗೆ. ಕಾರಿಲ್ಲದವನೂ ಎಂದಾದರೂ ಕೊಂಡಾನೆಂದು ಆ ಜಾಗ ಕಾರಿನದೇ. ಮೆಟ್ಟಿಲು ಒಳಗೆ, ಮೇಲೆ ಎರಡು ಮಲಗುವ ಕೋಣೆ, ಒಂದೊಂದಕ್ಕೂ ಅಂಟಿದ ಸ್ನಾನಗೃಹ. ಜಾಹೀರಾತಿನಲ್ಲಿ ಅದು ‘ಬಂಗಲೆ’. ಮುಖಮಂಟಪಕ್ಕೆ ಗ್ರೀಕರ ಕಂಬ, ಕಿಟಕಿಗೆ ಬಣ್ಣದ ಗಾಜು, ಪಡುವಣದ ಗೋಡೆಗೆ ಇಡೀ ಉದ್ದಕ್ಕೂ ಗಾಜಿನ ಹೊದಿಕೆ. ಮೇ ತಿಂಗಳ ಇಳಿಹೊತ್ತಿನ ಬಿಸಿಲಿಗೆ ಆ ಗಾಜನ್ನು ಒಡ್ಡಿ, ಬಳಿಕ ಅದಕ್ಕೆ ದಪ್ಪ ಪರದೆ ಕಟ್ಟಿ, ಒಳಗೆ ಹಗಲು ದೀಪ ಹಚ್ಚಿ, ಏಸಿ ಹಾಕಿಕೊಳ್ಳುವುದನ್ನು ಕಂಡರೆ ಕ್ಷೇಮೇಂದ್ರನಿಗೆ ಉದಾಹರಣೆಗಳ ಬರಗಾಲ ಇರುತ್ತಿರಲಿಲ್ಲ. ಮೊಣಕಾಲು ನೋಯುವ ತಂದೆತಾಯಿಗೆ ಕೆಳಗೆ ಮಲಗಲು ಕೋಣೆಯಿಲ್ಲ. ಅವರ ಮಂಚ ಹಾಲಿನಲ್ಲಿ, ದೂರದರ್ಶನದ ಎದುರಿಗೆ. ಅತಿಥಿ ಬಂದಾಗ ಅವರೇ ಎದ್ದು ಅಡಿಗೆಮನೆಗೆ ಹೋಗಬೇಕು.

ಮುನ್ನೂರು ಚದರ ಅಡಿಯ ಮನೆಗೂ ಅದಕ್ಕಿಂತ ದೊಡ್ಡದಾದ ಈ ಮನೆಗೂ ಒಂದು ವಿಷಯದಲ್ಲಿ ಹೊಂದಿಕೆಯಿದೆ. ಎರಡರಲ್ಲಿಯೂ ಬೀದಿಗೂ ಒಳಕೋಣೆಗೂ ನಡುವಿನ ಸ್ಥಳವಿಲ್ಲ. ಕಟ್ಟೆಯಿಲ್ಲ, ಪಡಸಾಲೆಯಿಲ್ಲ, ಹಿತ್ತಲಿಲ್ಲ. ಬಾಗಿಲು ತೆರೆದರೆ ಇಡೀ ಸಂಸಾರ ಹೊರಗೆ ಕಾಣುತ್ತದೆ; ಆದುದರಿಂದ ಬಾಗಿಲು ಮುಚ್ಚಿಯೇ ಇರುತ್ತದೆ. ಹಳೆಯ ಮನೆಯಲ್ಲಿ ಹೊಸಬನು ಕಟ್ಟೆಯವರೆಗೆ ಬರಬಹುದಿತ್ತು, ಪರಿಚಿತನು ಪಡಸಾಲೆಯವರೆಗೆ, ಬಂಧುವು ಅಡಿಗೆಮನೆಯವರೆಗೆ. ಮನೆಯೇ ಸಂಬಂಧದ ಮೆಟ್ಟಿಲುಗಳನ್ನು ತಿಳಿಸುತ್ತಿತ್ತು. ಆ ಮೆಟ್ಟಿಲುಗಳಲ್ಲಿ ಜಾತಿಯ ಕಟ್ಟುಪಾಡೂ ಸೇರಿಕೊಂಡು ಕೆಲವರನ್ನು ಕಟ್ಟೆಯ ಕೆಳಗೇ ನಿಲ್ಲಿಸುತ್ತಿತ್ತು ಎಂಬ ಕಹಿಸತ್ಯವನ್ನು ಮರೆಯಬಾರದು. ಕಟ್ಟೆ ಬೇಕೆಂದರೆ ಆ ಕಟ್ಟುಪಾಡು ಬೇಕೆಂದಾಗಬಾರದು. ಕೂರುವುದಕ್ಕೆ, ದುಡಿಯುವುದಕ್ಕೆ, ಮಾತನಾಡುವುದಕ್ಕೆ ಅರೆ ಒಳಗು ಅರೆ ಹೊರಗಾದ ಒಂದು ಸ್ಥಳ ಬೇಕು ಎಂಬಷ್ಟೇ ನನ್ನ ವಾದ. ಬೀಡಿ ಕಟ್ಟುವವಳಿಗೆ ಬೆಳಕು ಗಾಳಿಗಳು ದೊರೆಯುವುದೂ ಅಲ್ಲಿಯೇ, ಮುದುಕರಿಗೆ ಹೊತ್ತು ಹೋಗುವುದೂ ಅಲ್ಲಿಯೇ.

ಸಾಹಿತ್ಯ ಸಂಘದವರಾದ ನಮಗೆ ಇದರಲ್ಲಿ ಇನ್ನೊಂದು ಪಾಲಿದೆ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹಲವು ದಶಕ ಪಾಠ ಹೇಳಿದ ನಾನು ಪ್ರತಿವರ್ಷವೂ ಐದನೆಯ ಇಯತ್ತೆಯವರಿಗೆ ‘ನಮ್ಮ ಮನೆ’ ಎಂಬ ಪ್ರಬಂಧವನ್ನು ಬರೆಯಿಸುತ್ತಿದ್ದೆ. ಮೊದಮೊದಲ ವರ್ಷಗಳ ಪಾಟಿಗಳಲ್ಲಿ ಪಡಸಾಲೆ, ನಡುಮನೆ, ಬಚ್ಚಲು, ಹಿತ್ತಲು, ಅಟ್ಟ, ಮಾಡ, ಜಂತಿ, ಬೆಳಕಿಂಡಿ, ಕೊಟ್ಟಿಗೆ ಎಂಬ ಮಾತುಗಳು ತಾವಾಗಿ ಬರುತ್ತಿದ್ದವು. ನಿವೃತ್ತಿಯ ಹೊತ್ತಿಗೆ ನೋಟುಪುಸ್ತಕಗಳಲ್ಲಿ ಉಳಿದದ್ದು ಹಾಲ್, ಕಿಚನ್, ಬೆಡ್‌ರೂಮ್, ಗ್ಯಾಲರಿ. ಪರಭಾಷೆಯ ಶಬ್ದ ಬಂದಿತೆಂದು ನಾನು ದುಃಖಿಸುವವನಲ್ಲ. ಖುರ್ಚಿ, ಮೇಜುಗಳು ಹೊರಗಿನಿಂದಲೇ ಬಂದು ನಮ್ಮವಾದುವು. ಪಡಸಾಲೆಗೆ ಹಾಲ್ ಎಂದರೆ ಕನ್ನಡ ಸಾಯುವುದಿಲ್ಲ. ಆದರೆ ಹಾಲ್ ಎಂಬುದು ಪಡಸಾಲೆಯ ಇನ್ನೊಂದು ಹೆಸರಲ್ಲ. ಅದು ಬೇರೆಯೇ ವಸ್ತು. ವಸ್ತುವೇ ಕಾಣೆಯಾದ ಮೇಲೆ ಶಬ್ದಕ್ಕೆ ನಿಲ್ಲಲು ನೆಲೆಯಿಲ್ಲ. ಕಥೆಯಲ್ಲಿ ‘ಅಜ್ಜಿ ಬೆಳಕಿಂಡಿಯ ಕೆಳಗೆ ಕುಳಿತು ಅಕ್ಕಿ ಆರಿಸುತ್ತಿದ್ದಳು’ ಎಂಬ ಸಾಲು ಬಂದರೆ ಈಗಿನ ಹುಡುಗನಿಗೆ ಅರ್ಥ ಹೇಳಬೇಕು. ಅರ್ಥ ಹೇಳಿದರೂ ಆ ಬೆಳಕು ಅವನಿಗೆ ಕಾಣುವುದಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಗಡಿಯಾಚೆಯ ಕನ್ನಡ ಮಗುವಿಗೆ ಕನ್ನಡ ಸಿಗುವ ಸ್ಥಳಗಳು ಬಹಳಿಲ್ಲ. ಅಂಗಡಿಯಲ್ಲಿ ಮರಾಠಿ, ಕಛೇರಿಯಲ್ಲಿ ಮರಾಠಿ, ಆಟದಲ್ಲಿ ಮರಾಠಿ, ಹಿಂದಿ, ತೆಲುಗು. ಇದಕ್ಕೆ ಯಾರನ್ನೂ ದೂರಬೇಕಿಲ್ಲ. ಸೊಲ್ಲಾಪುರ ನಾಲ್ಕು ನುಡಿಗಳ ಊರು, ಅದೇ ಅದರ ಚೆಲುವು. ಇಂಥ ಊರಲ್ಲಿ ಮಗುವಿಗೆ ಕನ್ನಡ ಬರುತ್ತಿದ್ದುದು ಬಹುಪಾಲು ಅಜ್ಜ ಅಜ್ಜಿಯರಿಂದ, ಸಂಜೆಯ ಕಟ್ಟೆಯ ಮೇಲೆ. ಮನೆಯ ನಕ್ಷೆಯಲ್ಲಿ ಅಜ್ಜಿಗೆ ಕೂರಲು ಸ್ಥಳವಿಲ್ಲದಿದ್ದರೆ ಆಕೆ ಹಳ್ಳಿಯಲ್ಲಿಯೇ ಉಳಿಯುತ್ತಾಳೆ. ಮಗ ಸೊಸೆ ದುಡಿಮೆಗೆ ಹೋದರೆ ಮಗುವಿನೊಡನೆ ಮನೆಯಲ್ಲಿ ಉಳಿಯುವುದು ಮೊಬೈಲು. ನಾವು ಶಾಲೆ ಉಳಿಸಿ, ಶಿಕ್ಷಕರನ್ನು ಕೊಡಿ, ಪುಸ್ತಕ ಕೊಡಿ ಎಂದು ಮನವಿ ಸಲ್ಲಿಸುತ್ತ ಬಂದಿದ್ದೇವೆ. ಅವೆಲ್ಲ ಬೇಕಾದವೇ. ಆದರೆ ಶಾಲೆಗೂ ಮೊದಲಿನ ಶಾಲೆಯಾದ ಆ ಆರಡಿ ಕಟ್ಟೆಯನ್ನು ಉಳಿಸಿ ಎಂದು ಯಾವ ಠರಾವಿನಲ್ಲಿಯೂ ನಾವು ಕೇಳಿಲ್ಲ.

ದೋಷವೆಣಿಸಿ ನಿಲ್ಲುವುದು ವಿಮರ್ಶೆಯ ಧರ್ಮವಲ್ಲ. ಗುಣದ ಮಾದರಿಯನ್ನೂ ತೋರಿಸಬೇಕು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು 1980ರ ದಶಕದಲ್ಲಿ ಇಂದೂರಿನಲ್ಲಿ ರೂಪಿಸಿದ ‘ಅರಣ್ಯ’ ಬಡಾವಣೆಯನ್ನು ನೋಡಬಹುದು. ಅಲ್ಲಿ ಸುಮಾರು 6,500 ಮನೆಗಳಿಗೆ ಸ್ಥಳ. ಅತಿ ಚಿಕ್ಕ ನಿವೇಶನ ಸುಮಾರು 35 ಚದರ ಮೀಟರ್; ನಮ್ಮ ಯೋಜನೆಯ 30 ಚದರ ಮೀಟರಿನ ಮನೆಗಿಂತ ಹೇಳಿಕೊಳ್ಳುವಷ್ಟು ದೊಡ್ಡದೇನಲ್ಲ. ಬಡವರಿಗೆ ಪೂರ್ತಿ ಮನೆಯನ್ನು ಕೊಡುವ ಬದಲು ನಿವೇಶನ, ಪಾಯ, ಶೌಚ ಮತ್ತು ನೀರಿನ ವ್ಯವಸ್ಥೆಗಳನ್ನು ಒದಗಿಸಿ, ಕೈಯಲ್ಲಿ ಹಣ ಆಡಿದಂತೆ ಕೋಣೆಯ ಮೇಲೆ ಕೋಣೆ ಸೇರಿಸಿಕೊಳ್ಳಲು ಬಿಡಲಾಯಿತು. ಹೇಗೆಲ್ಲ ಬೆಳೆಸಬಹುದೆಂದು ತೋರಿಸಲು ದೋಶಿಯವರು 80 ಮಾದರಿ ಮನೆಗಳನ್ನು ಕಟ್ಟಿದರು. ಮನೆಯ ಮುಂದೆ ಕೂರುವ ಓಟಲಾ, ಎಂದರೆ ನಮ್ಮ ಕಟ್ಟೆ, ಆ ವಿನ್ಯಾಸದ ಅಂಗವೇ ಆಗಿತ್ತು. 1995ರಲ್ಲಿ ಆ ಬಡಾವಣೆಗೆ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್ಕರ್ ಪ್ರಶಸ್ತಿ ಬಂದಿತು. ಅತ್ತ ಕೇರಳದಲ್ಲಿ ಲಾರಿ ಬೇಕರರು ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಗೋಡೆಯನ್ನು ಬಳಕೆಗೆ ತಂದರು. ಅದರಿಂದ ಇಟ್ಟಿಗೆಯೂ ಉಳಿಯುತ್ತದೆ, ಟೊಳ್ಳಿನ ಗಾಳಿ ಸೆಕೆಯನ್ನೂ ತಡೆಯುತ್ತದೆ. ಕಡಿಮೆ ಹಣದಲ್ಲಿ ಉಚಿತವಾದ ಮನೆ ಆಗದೆಂಬ ಮಾತಿಗೆ ಇವರಿಬ್ಬರ ಕೆಲಸವೇ ಉತ್ತರ.

ಆದುದರಿಂದ ನನ್ನ ಸಲಹೆಗಳು ಆಕಾಶದಿಂದ ಇಳಿಸಿದವಲ್ಲ. ಮಹಡಿಮನೆಗಳಲ್ಲಿ ಬರಿಯ ಓಡಾಟಕ್ಕೆಂದು ಬಿಡುವ ನಡುದಾರಿಯನ್ನು ನಾಲ್ಕು ಮನೆಗೊಂದೆಡೆ ಅಗಲಿಸಿ, ಬೆಳಕು ಬೀಳುವಂತೆ ತೆರೆದಿಟ್ಟರೆ ಹೆಣ್ಣುಮಕ್ಕಳು ಅಲ್ಲಿ ಕುಳಿತು ದುಡಿಯಬಹುದು. ತಂಬಾಕು ಮಲಗುವ ಕೋಣೆಯಿಂದ ಹೊರಗುಳಿಯುತ್ತದೆ. ಎದುರು ಬದುರು ಗೋಡೆಗಳಲ್ಲಿ ಕಿಟಕಿ ಇಡಲಾಗದ ಕಡೆ ಬಾಗಿಲ ಮೇಲೆ ಜಾಲಂದ್ರವನ್ನಾದರೂ ಇಟ್ಟರೆ ಗಾಳಿಗೆ ದಾರಿಯಾಗುತ್ತದೆ. ಮಾಳಿಗೆಗೆ ಪ್ರತಿ ಬೇಸಿಗೆಯ ಮುನ್ನ ಸುಣ್ಣ ಬಳಿದರೆ ಸೆಕೆ ತಗ್ಗುತ್ತದೆ. ಅದಕ್ಕೆ ತಗಲುವ ಖರ್ಚು ತೀರ ಅಲ್ಪ. ಪೀಪಾಯಿಗೆ ಒಂದು ಮೂಲೆ, ರೊಟ್ಟಿ ಬಡಿಯಲು ನಾಲ್ಕಡಿಗೆ ನಾಲ್ಕಡಿ ನೆಲ ಇವನ್ನು ನಕ್ಷೆಯಲ್ಲಿಯೇ ಗುರುತಿಸಬೇಕು. ಎಲ್ಲಕ್ಕಿಂತ ಮೊದಲು, ಮೊದಲ ಮನೆಯ ಪಾಯ ತೋಡುವುದಕ್ಕೆ ಮುನ್ನ, ಬಯಲಿನಲ್ಲಿ ಸುಣ್ಣದ ಗೆರೆಯಿಂದ ಪೂರ್ತಿ ಅಳತೆಯ ಮನೆಯನ್ನು ಬರೆದು, ಅಲ್ಲಿ ಬಾಳಲಿರುವ ಹೆಣ್ಣುಮಕ್ಕಳನ್ನು ಕರೆದು ಒಳಗೆ ಕೂರಿಸಬೇಕು. ಮೊರ, ಕೊಣಮಿಗೆ, ಪೀಪಾಯಿ, ಹಾಸಿಗೆಗಳನ್ನು ಅವರು ಇಟ್ಟು ನೋಡಲಿ. ಎಲ್ಲಿ ಇಕ್ಕಟ್ಟು ಎಂಬುದನ್ನು ಅರ್ಧ ದಿನದಲ್ಲಿ ಅವರು ಹೇಳುತ್ತಾರೆ. ಸುಣ್ಣದ ಗೆರೆಯನ್ನು ಅಳಿಸಿ ತಿದ್ದಬಹುದು, ಕಾಂಕ್ರೀಟನ್ನು ತಿದ್ದಲಾಗದು.

ಖಾಸಗಿ ಮನೆ ಕೊಳ್ಳುವ ನಮ್ಮ ಮಕ್ಕಳಿಗೂ ಎರಡು ಮಾತು. ಮಾರುವವನ ಬಳಿ ಕಂಬದ ಚಿತ್ತಾರವನ್ನು ಕೇಳುವ ಮುನ್ನ ಪಾಯದ ಆಳವನ್ನು ಕೇಳಿರಿ. ಕಾರಿನ ಜಾಗದಲ್ಲಿ ಮೂರಡಿಯನ್ನಾದರೂ ಬೇರ್ಪಡಿಸಿ ಕಲ್ಲಿನ ಕಟ್ಟೆ ಹಾಕಿಸಿಕೊಳ್ಳಿರಿ. ಅದಕ್ಕೆ ತಗಲುವುದು ಬಣ್ಣದ ಗಾಜಿಗೆ ತಗಲುವಷ್ಟೂ ಅಲ್ಲ.

ಸಂಘದ ಕಾರ್ಯಕಾರಿ ಮಂಡಳಿಗೆ ನನ್ನದೊಂದು ಬಿನ್ನಹವಿದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಇನ್ನೂ ನಿಂತಿರುವ ಹಳೆಯ ಮನೆಗಳ ಅಂಗಾಂಗಗಳ ಹೆಸರುಗಳನ್ನು, ಅವುಗಳ ನಕ್ಷೆ ಸಹಿತ, ಒಂದು ಸಣ್ಣ ಕೋಶವಾಗಿ ಸಂಗ್ರಹಿಸಬೇಕು. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಅದರ ಜೊತೆಗೆ ಕುಂಭಾರಿಯ ಹೊಸ ಮನೆಗಳಲ್ಲಿ ನೆಲೆಸಿರುವ ಕನ್ನಡದ ತಾಯಂದಿರನ್ನು ಮುಂದಿನ ಸಮ್ಮೇಳನದ ಒಂದು ಗೋಷ್ಠಿಗೆ ಕರೆಯಬೇಕು. ಆ ಮನೆಗಳಲ್ಲಿ ಬಾಳುತ್ತಿರುವವರು ಅವರು. ನಾನು ಹೊರಗಿನಿಂದ ಅಳೆದು ಹೇಳಿದ್ದರಲ್ಲಿ ಎಷ್ಟು ಸರಿ, ಏನು ಬಿಟ್ಟುಹೋಗಿದೆ ಎಂಬುದನ್ನು ಒಳಗಿನಿಂದ ಹೇಳಬಲ್ಲವರು ಅವರೇ. ಆ ಗೋಷ್ಠಿಯ ವರದಿಯನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅಚ್ಚು ಮಾಡಿಸಿ, ಮನೆ ಕಟ್ಟಿಸುವ ಅಧಿಕಾರಿಗಳಿಗೆ ಒಂದೊಂದು ಪ್ರತಿಯನ್ನು ಕಳುಹಿಸೋಣ.